ಅತ್ತೆಯ ದನಿಯಲ್ಲಿ ಮಾತಾಡಿದ್ದು ಯಾರು?

ಫೋನ್ ತುಂಬಿದೆ, ಇನ್ನು ಜಾಗವಿಲ್ಲ ಎಂಬ ಸೂಚನೆ ಬಾರದ ಮನೆ ಈಗ ಯಾವುದಿದೆ? ಬೀಗ ರಿಪೇರಿ ಮಾಡುವವನ ಮನೆಗೂ ಅದು ಬಂತು. ಅವನ ಫೋನಿನ ತುಂಬ ಇದ್ದದ್ದು ತೀರಿಕೊಂಡ ತಾಯಿಯ ಫೋಟೊಗಳು, ಆಕೆ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು.

"ಸ್ಟುಡಿಯೋ ಅಕ್ಕನ್ನ ಕೇಳಿ ರೀ," ಎಂದಳು ಹೆಂಡತಿ, ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಾ. ಎದುರುಗಡೆ ಫೋಟೊ ಸ್ಟುಡಿಯೋ ಇಟ್ಟಿದ್ದಾಕೆ ತಿಂಗಳ ಚಂದಾ ಕಟ್ಟಿ ಎಲ್ಲ ಫೋಟೊಗಳನ್ನೂ ಆನ್‌ಲೈನ್‌ನಲ್ಲಿ ಇಡುತ್ತಿದ್ದಳು.

"ಫೋಟೊ ಇಡೋಕೂ ಬಾಡಿಗೆನಾ? ನನಗೇನು ತಲೆ ಕೆಟ್ಟಿದೆಯಾ? ಇಲ್ನೋಡು, ಈ ಆಪ್ ಪುಕ್ಕಟೆ. ಬರೀ ಇಟ್ಕೊಳ್ಳೋದಲ್ಲ, ಫೋಟೊ ಮಾತಾಡೋ ಹಾಗೂ ಮಾಡುತ್ತೆ!"

ಫೋಟೊ, ದನಿ ಎಲ್ಲವನ್ನೂ ಅದಕ್ಕೆ ಸುರಿದ. ಕೇಳಿದಲ್ಲೆಲ್ಲ 'ಒಪ್ಪಿದೆ' ಎಂದು ಒತ್ತಿದ. ಅಪ್ಪನ ಫೋನಿಗೂ ಹಾಕಿಕೊಟ್ಟ. ಪರದೆಯ ಮೇಲೆ ತಾಯಿ ನಕ್ಕು, "ಚೆನ್ನಾಗಿದ್ದೀರಾ?" ಎಂದಾಗ ಮುದುಕ ಟವೆಲಿನಿಂದ ಕಣ್ಣೊರೆಸಿಕೊಂಡ. ಸೊಸೆಗೆ ಮಾತ್ರ ಮೈ ಜುಮ್ಮೆಂದಿತು. ಅತ್ತೆಯ ತುಟಿ ಆಡುತ್ತಿತ್ತು, ರೆಪ್ಪೆ ಆಡುತ್ತಿರಲಿಲ್ಲ. ಮಾವನ ಸಂತೋಷಕ್ಕೆ ಕಲ್ಲು ಹಾಕುವುದೇಕೆಂದು ಸುಮ್ಮನಾದಳು.

ಕೆಲವು ವಾರ ಕಳೆಯಿತು. ಒಂದು ಮಧ್ಯಾಹ್ನ ಇಸ್ತ್ರಿ ಬಟ್ಟೆ ಕೊಟ್ಟು ಮರಳಿದವಳು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಒಳಗಿಂದ ಅತ್ತೆಯ ದನಿ.

"ಇಷ್ಟೊಂದು ಮಾತ್ರೆ ಯಾಕೆ? ಬಿಟ್ಟುಬಿಡಿ. ಈ ಪುಡಿ ತಗೊಳ್ಳಿ. ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತೆ."

ಅತ್ತೆ ಬದುಕಿದ್ದಾಗ ಹೀಗೆ ಹೇಳಿದವಳೇ ಅಲ್ಲ. ಒಳಗೆ ಮಾವ ಕುರ್ಚಿಯಲ್ಲಿ ಕೂತು, ಲೋಟಕ್ಕೆ ಒರಗಿಸಿಟ್ಟ ಫೋನಿಗೆ ತಲೆಯಾಡಿಸುತ್ತಿದ್ದ. "ಆಯ್ತು ಕಣೆ, ಬಿಟ್ಟಿದ್ದೀನಿ."

"ಯಾರ ಜೊತೆ ಮಾತು ಮಾವ?"

"ನಿಮ್ಮತ್ತೆ ಕಣಮ್ಮ. ನಾನೇನೂ ಒತ್ತಲಿಲ್ಲ. ದಿನಾ ಅವಳೇ ಬರ್ತಾಳೆ." ತುಟಿ ಸವರಿಕೊಂಡ. "ಸ್ವಲ್ಪ ನೀರು ಕೊಡು. ಎಷ್ಟು ಕುಡಿದ್ರೂ ನಾಲಿಗೆ ಒಣಗುತ್ತೆ."

ಕಿಟಕಿಯ ಮೇಲಿದ್ದ ಮಾತ್ರೆ ಪಟ್ಟಿ ಮುಟ್ಟಿದ ಹಾಗೇ ಇರಲಿಲ್ಲ. ಆಟೋ ಕರೆದು ಕ್ಲಿನಿಕ್ಕಿಗೆ ಕರೆದೊಯ್ದಳು. ನರ್ಸ್ ಬೆರಳು ಚುಚ್ಚಿ, ಯಂತ್ರ ನೋಡಿ ಮುಖ ಗಂಟಿಕ್ಕಿದಳು. "ಮಾತ್ರೆ ಬಿಡೋಕೆ ಹೇಳಿದ್ದು ಯಾವ ಡಾಕ್ಟ್ರು? ಇನ್ನೂ ತಡ ಮಾಡಿದ್ರೆ ಜೀವಕ್ಕೇ ಬರ್ತಿತ್ತು."

ಸಂಜೆ ಸ್ಟುಡಿಯೋ ಅಕ್ಕ ಬಂದು, ಆಪಿನ ಷರತ್ತುಗಳನ್ನು ತೆಗೆದು ಓದಿದಳು. "ಇಲ್ಲೇ ಇದೆ. ನೀವು ಹಾಕಿದ ಮುಖ, ದನಿ ಎರಡನ್ನೂ ಜಾಹೀರಾತಿಗೆ ಬಳಸಬಹುದು, ಬೇರೆಯವರಿಗೂ ಕೊಡಬಹುದು. ಒಪ್ಪಿದೆ ಅಂತ ಒತ್ತಿದ್ದೀರಿ. ಪುಡಿ ಮಾರೋರು ಅದನ್ನೇ ಬಳಸಿದ್ದಾರೆ."

"ಅಷ್ಟುದ್ದ ಯಾರು ಓದ್ತಾರಕ್ಕ?"

"ಸರಿ, ಒಂದು ಮಾತು ಹೇಳಿ ಬೀಗದಣ್ಣ. ಗುರುತು ಪರಿಚಯ ಇಲ್ಲದವನೊಬ್ಬ ಬೀದೀಲಿ ನಿಂತು ಎಲ್ಲರಿಗೂ ಪುಕ್ಕಟೆ ಬೀಗ ಹಂಚಿದ್ರೆ ಏನಂತೀರಿ?"

"ಇನ್ನೊಂದು ಕೀ ಅವನ ಜೇಬಲ್ಲೇ ಇದೆ ಅಂತೀನಿ," ಎಂದ ಥಟ್ಟನೆ. ಎಂದವನ ಮುಖ ಹಾಗೇ ಬಿಳಿಚಿಕೊಂಡಿತು.

"ಹಾಗಾದ್ರೆ ದುಡ್ಡು ಕೊಟ್ರೆ ಸಾಕಾ ಅಕ್ಕ?" ಹೆಂಡತಿ ಕೇಳಿದಳು.

"ಸಾಲದು ತಂಗಿ. ದುಡ್ಡು ಇಸ್ಕೊಂಡು ಟೋಪಿ ಹಾಕೋರೂ ಇದ್ದಾರೆ, ಪುಕ್ಕಟೆ ಕೊಡೋರೆಲ್ಲ ಕಳ್ಳರೂ ಅಲ್ಲ. ನಡೆಸೋರು ಯಾರು, ವಿಳಾಸ ಇದೆಯಾ ಅಂತ ನೋಡ್ತೀನಿ. ನನ್ನ ಫೋಟೊನ ಇನ್ಯಾವುದಕ್ಕಾದ್ರೂ ಬಳಸ್ತಾರಾ, ಬೇಡ ಅಂದಾಗ ಎಲ್ಲಾ ವಾಪಸ್ ತಗೊಂಡು ಅಳಿಸೋಕಾಗುತ್ತಾ, ಚಂದಾ ನಿಲ್ಲಿಸೋದು ಸುಲಭನಾ ಅಂತ ಓದ್ತೀನಿ. ಆಮೇಲೇ ದುಡ್ಡು. ಅಷ್ಟಾದ್ರೂ ಒಂದು ಪ್ರತಿ ಮನೇಲಿ ಬೇರೆ ಇಟ್ಕೊಂಡಿದ್ದೀನಿ."

ಅವಳು ಹೇಳಿದಂತೆ ಮೊದಲು ಫೋಟೊ, ದನಿಗಳನ್ನೆಲ್ಲ ಇಳಿಸಿಕೊಂಡರು. ಆಪ್ ತೆಗೆದರಷ್ಟೇ ಸಾಲದು, ಖಾತೆಯನ್ನೇ ಅಳಿಸಬೇಕು ಎಂದಳು. ಸೈಬರ್ ಪೊಲೀಸರಿಗೆ ದೂರು ಕೊಡಲು ಆ ಪುಡಿ ಜಾಹೀರಾತಿನ ಸ್ಕ್ರೀನ್‌ಶಾಟನ್ನೂ ತೆಗೆದಿಟ್ಟಳು.

ಮಾವ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡ. "ಅವಳನ್ನ ಇನ್ನೊಂದ್ಸಲ ಕಳಕೊಳ್ಳಬೇಕಾ ನಾನು?"

ಸೊಸೆ ಪಕ್ಕದಲ್ಲಿ ಕೂತಳು. "ಅತ್ತೆ ನಿಮ್ಮ ಮಾತ್ರೆ ಬಿಡಿಸ್ತಿದ್ರಾ ಮಾವ?"

ಮುದುಕ ಫೋನನ್ನು ಎದೆಯಿಂದ ತೆಗೆದು ನೋಡಿದ. ಪರದೆಯಲ್ಲಿ ಅವಳು ರೆಪ್ಪೆ ಬಡಿಯದೆ ನಗುತ್ತಲೇ ಇದ್ದಳು. "ಎಲ್ಲಿ ಒತ್ತಬೇಕು, ತೋರಿಸು," ಎಂದ. ಖಾತೆಯನ್ನು ತಾನೇ ಅಳಿಸಿದ. ಆಮೇಲೆ ನೀರು ಕೇಳಿ ಮಾತ್ರೆ ನುಂಗಿದ.

ಬೀಗದವನು ಅಂದೇ ಅಕ್ಕ ಬಳಸುವ ಸೇವೆಯ ಷರತ್ತು ಓದಿಸಿಕೊಂಡು, ಚಂದಾ ಕಟ್ಟಿ ತಾಯಿಯ ಫೋಟೊಗಳನ್ನು ಅಲ್ಲಿಟ್ಟ. ಇನ್ನೇನು ಊಟಕ್ಕೆ ಏಳಬೇಕು, ಪಕ್ಕದ ಮನೆಯ ಹೊಲಿಗೆಯಾಕೆ ಬಾಗಿಲಿಗೆ ಬಂದಳು. ಕೈಯಲ್ಲಿದ್ದ ಫೋನನ್ನು ಸೊಸೆಯ ಮುಂದೆ ಹಿಡಿದಳು.

"ಏನೇ ಇದು? ನಿಮ್ಮತ್ತೆ ಈಗ ನನ್ನ ಫೋನಲ್ಲಿ ಬಂದ್ರು. ನನ್ನ ಮಾತ್ರೇನೂ ಬಿಡು ಅಂದ್ರು."

ಬಂಧುಗಳೇ, ಆ ಮನೆಯವರು ಅಳಿಸಿದ್ದು ತಮ್ಮ ಖಾತೆಯನ್ನು. ಹೊರಗೆ ಹೋದ ದನಿ ಇನ್ನೂ ಮನೆ ಮನೆ ತಿರುಗುತ್ತಿದೆ. ನಿಮ್ಮವರ ಮುಖ, ಮಾತು ಇಡಲು ಜಾಗ ಹುಡುಕುವಾಗ ಷರತ್ತು ಓದಿ, ಓದಲು ಬಾರದಿದ್ದರೆ ಓದಿಸಿ. ನಂಬಿಕೆಗೆ ತಕ್ಕ ಸೇವೆ ಸಿಕ್ಕರೆ ಅದರ ಚಂದಾ ಕಟ್ಟಲು ಹಿಂಜರಿಯಬೇಡಿ. ಅದು ಪುಕ್ಕಟೆಯಾದರೆ, ಖರ್ಚು ಯಾರು ಕೊಡುತ್ತಿದ್ದಾರೆಂದು ಕೇಳಿ. ಯಾರ ದನಿಯಲ್ಲೇ ಆಗಲಿ, ಫೋನು ನಿಮಗೆ ಔಷಧಿ ಬಿಡಿ ಎಂದರೆ ಬಿಡಬೇಡಿ. ವೈದ್ಯರನ್ನು ಕೇಳಿ. ಇಂದೇ ಮನೆಯ ಹಿರಿಯರ ಪಕ್ಕ ಕೂತು, ಅವರ ಫೋನಿನಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ವಿಚಾರಿಸಿ.