ತಪಾಸಣೆಯ ಸಾಲು

ಪಾಲಿಕೆಯ ಅಳತೆ ವ್ಯಾನಿನ ನೆತ್ತಿಯ ಮೇಲೊಂದು ಕೊಳವೆ ಇತ್ತು. ಅದು ಬೀದಿ ಬೀದಿಯ ಗಾಳಿ ಹೀರಿ ಮಸಿ ಎಷ್ಟು, ಇಂಗಾಲದ ಅನಿಲ ಎಷ್ಟು ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ಅದನ್ನು ಓದಿ ಊರಿನ ಹೊಗೆನಕ್ಷೆ ಬರೆಯುವವಳಿಗೆ ಕಚೇರಿಯವರು ಇಟ್ಟ ಹೆಸರು ಮೂಗು ಮೇಡಂ.

ಮೂರು ತಿಂಗಳು ಸುತ್ತಿದ ಮೇಲೆ ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಂಪಾಗಿ ಕಂಡದ್ದು ಕಾರ್ಖಾನೆಯಲ್ಲ, ಅಂಚೆ ಕಚೇರಿಯ ಹಿಂದಿನ ಅಡ್ಡರಸ್ತೆ. ಅವಳು ಯಂತ್ರವನ್ನೇ ಬೈದಳು. ಶೋಧಕ ಬದಲಿಸಿ ಮೂರು ಸಲ ಅಳೆದಳು. ಮೂರು ಸಲವೂ ಅದೇ ಕೆಂಪು. ಅಲ್ಲಿ ಏನಿದೆಯೆಂದು ಅವಳು ಹೋಗಿ ನೋಡಬೇಕಾಗಿರಲಿಲ್ಲ. ವಾಹನಗಳ ಹೊಗೆ ತಪಾಸಣೆಯ ಗೂಡು ಅದು. ಒಳಗೆ ಕೂರುವವರು ಅವಳ ಅಪ್ಪ.

ಅಪ್ಪ ಕಟ್ಟುನಿಟ್ಟಿನ ಮನುಷ್ಯ. ಸ್ವಂತ ಭಾವಮೈದುನನ ಬೈಕನ್ನೇ ಫೇಲ್ ಮಾಡಿ ಎರಡು ವರ್ಷ ಅವನ ಮಾತು ಕಳೆದುಕೊಂಡವರು. ಅಂಥವರ ಬಾಗಿಲಲ್ಲಿ ದಿನವೂ ಅರವತ್ತು ಗಾಡಿಗಳು ಗುರುಗುಟ್ಟುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದವು.

"ಅಪ್ಪ, ಇಂಜಿನ್ ಆಫ್ ಮಾಡಿ ಅಂತ ಹೇಳಬಾರದಾ?"

"ಆಫ್ ಮಾಡಿದ್ರೆ ತಣ್ಣಗಾಗುತ್ತಲ್ಲೇ. ತಣ್ಣಗಿನ ಇಂಜಿನ್ ಜಾಸ್ತಿ ಹೊಗೆ ಉಗುಳುತ್ತೆ, ಫೇಲಾಗುತ್ತೆ. ಪಾಸಾಗಬೇಕು ಅಂತಾನೇ ಆನ್ ಮಾಡ್ಕೊಂಡೇ ನಿಲ್ತಾರೆ."

ಅವಳು ನಕ್ಷೆ ತೋರಿಸಿದಳು. ಅಪ್ಪ ಕನ್ನಡಕ ಏರಿಸಿ ತಮ್ಮ ರಸ್ತೆಯನ್ನು ಬಹಳ ಹೊತ್ತು ನೋಡಿದರು. ಇಪ್ಪತ್ತು ವರ್ಷ ಈ ಊರಿನ ಗಾಳಿ ಕಾದೆನೆಂದುಕೊಂಡಿದ್ದವರ ಮುಖ ಸಣ್ಣದಾಯಿತು.

"ಬರಿ. ಅಪ್ಪ ಅಂತ ಬಿಟ್ಟರೆ ಅದು ಅಳತೆ ಹೇಗಾಗುತ್ತೆ?" ಎಂದರು.

ಅವಳು ವರದಿ ಬರೆದಳು. ಒಬ್ಬೊಬ್ಬರಿಗೂ ಮುಂಚೆಯೇ ಸಮಯ ಗೊತ್ತುಮಾಡಿ ಚೀಟಿ ಕೊಟ್ಟರೆ ಸಾಲೇ ಇರುವುದಿಲ್ಲ ಎಂದು ಕೊನೆಯಲ್ಲಿ ಸೇರಿಸಿದಳು. ಪಾಲಿಕೆಯ ದೊಡ್ಡ ಸಾಹೇಬರಿಗೆ ಅಷ್ಟು ಓದುವ ತಾಳ್ಮೆ ಇರಲಿಲ್ಲ.

"ಗೂಡನ್ನೇ ಊರಾಚೆ ಹಾಕಿಬಿಡೋಣ."

"ಸರ್, ಹೋಗಿ ಬರೋದಕ್ಕೇ ಪ್ರತಿ ಗಾಡಿ ಮೂವತ್ತು ಕಿಲೋಮೀಟರ್ ಓಡಬೇಕು. ಒಟ್ಟು ಹೊಗೆ ಇನ್ನೂ ಜಾಸ್ತಿಯಾಗುತ್ತೆ."

"ನಿಮ್ಮ ನಕ್ಷೆ ಎಲ್ಲಿಗೆ ಮುಗಿಯುತ್ತಮ್ಮ?"

"ಊರಿನ ಗಡಿಗೆ, ಸರ್."

"ಮತ್ತೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ತಿಂಗಳೊಳಗೆ ಅಡ್ಡರಸ್ತೆ ಹಸಿರಾಯಿತು. ಸಾಹೇಬರಿಗೆ ಶುದ್ಧಗಾಳಿಯ ಪ್ರಶಸ್ತಿ ಫಲಕ ಬಂತು. ಅಪ್ಪ ಬೆಳಗ್ಗೆ ಏಳಕ್ಕೇ ಬಸ್ ಹಿಡಿಯತೊಡಗಿದರು. ಸಾಲು ಅವರ ಹಿಂದೆಯೇ ಊರಾಚೆಗೆ ಹೋಯಿತು.

ಆದರೆ ಮಗಳ ವರದಿಯ ಕೊನೆಯ ಪುಟವನ್ನು ಅಪ್ಪ ಓದಿದ್ದರು. ಯಾರನ್ನೂ ಕೇಳದೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಚೀಟಿ ಬರೆದರು: ನೀವಿಬ್ಬರು ಹತ್ತೂಕಾಲಿಗೆ, ನೀವಿಬ್ಬರು ಹತ್ತೂವರೆಗೆ. ಎರಡು ವಾರದೊಳಗೆ ಒಂದು ಸಲಕ್ಕೆ ಎರಡು ಗಾಡಿಗಿಂತ ಹೆಚ್ಚು ನಿಲ್ಲದಂತಾಯಿತು. ಅವಳು ರಜೆಯ ದಿನ ಹೋಗಿ ನೋಡಿ, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ಖುಷಿಯಿಂದ ಕಾಲಾಡಿಸಿದಳು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಒಬ್ಬ ತನಿಖಾಧಿಕಾರಿ ಬಂದರು. ಖಾಲಿ ರಸ್ತೆ ಕಂಡು ಹುಬ್ಬು ಗಂಟಿಕ್ಕಿ ಹಾಗೆಯೇ ಹೊರಟುಹೋದರು. ವಾರದ ಮೇಲೆ ಪತ್ರ ಬಂತು: ‘ತಪಾಸಣೆಗೆ ಜನ ಬರುತ್ತಿಲ್ಲವೆಂದು ಕಂಡುಬಂದಿದೆ. ಕೇಂದ್ರವನ್ನು ಏಕೆ ಮುಚ್ಚಬಾರದು, ಕಾರಣ ಕೊಡಿ.’

ಮಗಳಿಗೆ ಮೈಯೆಲ್ಲ ಉರಿಯಿತು. ಅಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನಕ್ಕೆ ಅರವತ್ತು ಗಾಡಿಗಳ ಲೆಕ್ಕವಿದ್ದ ದಾಖಲೆ ಪುಸ್ತಕದ ಪ್ರತಿ ಲಗತ್ತಿಸಿ, ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದರು: ‘ಸಾಲು ನೋಡಬೇಕಿದ್ದರೆ ಒಂದು ದಿನ ಮುಂಚೆ ತಿಳಿಸಿ. ನಿಲ್ಲಿಸಿಟ್ಟಿರುತ್ತೇವೆ.’