ಹನ್ನೆರಡು ವೋಲ್ಟಿನ ಸಾಲು

ನನ್ನ ಮಗಳು ರುಮಾನಾ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಕೆಂಪಾಪುರದ ನಮ್ಮ ಮನೆಯ ಹಾಲೇ ಅವಳ ಆಫೀಸು. ಹೋದ ಏಪ್ರಿಲ್‌ನಲ್ಲಿ ಅವಳ ಕಂಪ್ಯೂಟರಿನ ಎಸ್‌ಎಂಪಿಎಸ್ ಸುಟ್ಟುಹೋಯಿತು. ಗೋಡೆಯಿಂದ ಬರುವ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಕಬ್ಬಿಣದ ಡಬ್ಬಿ ಅದು. ಅದೊಂದೇ ಹೋಗಿದ್ದರೆ ಬೇಸರವಿರಲಿಲ್ಲ, ಹೋಗುವಾಗ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಒಂದು ನಿಕಾಹ್ ಇತ್ತು. ಮದುವಣಗಿತ್ತಿಯ ತಂದೆ ಮಗಳ ಮದುವೆ ಮುಗಿದ ಒಂಬತ್ತನೇ ದಿನ ತೀರಿಕೊಂಡಿದ್ದರು. ವಿಡಿಯೋ ಉಳಿದಿಲ್ಲ ಎಂದು ಹೇಳಲು ರುಮಾನಾ ಅವರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಆ ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಹೇಗೋ ದಿನ ದೂಡಿದಳು. ಅಷ್ಟರಲ್ಲಿ ಹೆಬ್ಬಾಳದ ಒಂದು ಮದುವೆ ಛತ್ರದವರು ವರ್ಷವಿಡೀ ಕೆಲಸ ಕೊಡುತ್ತೇವೆ ಎಂದರು. ಕಂಪ್ಯೂಟರ್ ಸರಿಯಾದ ಮೇಲೆ ಹೇಳುತ್ತೇನೆ ಎಂದಿದ್ದಳು. ಕಂಪ್ಯೂಟರಿಗೆ ಹೊಸ ಬೋರ್ಡು, ಡಿಸ್ಕು, ದೊಡ್ಡ ಗ್ರಾಫಿಕ್ಸ್ ಕಾರ್ಡು ಎಲ್ಲ ಬಂತು. ಉಳಿದದ್ದು ಎಸ್‌ಎಂಪಿಎಸ್. ಅದನ್ನು ತರಲು ಇಬ್ಬರೂ ಸಹಕಾರನಗರಕ್ಕೆ ಹೊರಟೆವು.

"ಇನ್ನೊಂದ್ ಸಲ ಸುಟ್ರೆ ಈ ಕೆಲಸ ಬಿಟ್‌ಬಿಡ್ತೀನಿ ಅಮ್ಮಿ," ಎಂದಳು ಆಟೋದಲ್ಲಿ. ಅವಳು ಸುಮ್ಮನೆ ಹೇಳುವವಳಲ್ಲ.

ಅಂಗಡಿಯ ಅಶ್ವತ್ಥ್ ನಯವಾದ ಮಾತಿನ ಮನುಷ್ಯ. ಒಂದು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟರು. ಅದರ ಮೇಲೆ ಅಂಗೈಯಗಲ 600 ಎಂದು ಅಚ್ಚಾಗಿತ್ತು, ನೋಡಿದವರು ವಾಟ್ ಎಂದುಕೊಳ್ಳಬೇಕು.

"ಆರುನೂರು ಆಂಟಿ. ಕಣ್ಮುಚ್ಕೊಂಡ್ ತಗೊಂಡ್ ಹೋಗಿ."

"ಕಣ್ ಬಿಟ್ಕೊಂಡೇ ನೋಡ್ತೀನಪ್ಪ. ತೆಗೀರಿ ಹೊರಗೆ."

ನಕ್ಕು ತೆಗೆದರು. ನಾನು ಡಬ್ಬಿಯನ್ನು ಮಗ್ಗುಲು ತಿರುಗಿಸಿ ಚೀಟಿ ಹುಡುಕಿದೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೇ. ಆದರೆ ಯಶವಂತಪುರದ ಒಂದು ಶೆಡ್ಡಿನಲ್ಲಿ ಹದಿನೆಂಟು ವರ್ಷ ಸ್ಟೆಬಿಲೈಸರಿಗೆ ತಾಮ್ರದ ತಂತಿ ಸುತ್ತಿದವಳಿಗೆ ವೋಲ್ಟು, ಆಂಪ್ಸು ಯಾರೂ ಹೇಳಿಕೊಡಬೇಕಿಲ್ಲ. ಕಾರ್ಡಿಗೂ ಪ್ರೊಸೆಸರಿಗೂ ಊಟ ಬರುವುದು ಹನ್ನೆರಡು ವೋಲ್ಟಿನ ಸಾಲಿನಿಂದ ಎಂದು ರುಮಾನಾ ಮನೆಯಲ್ಲೇ ಹೇಳಿದ್ದಳು. ಚೀಟಿಯಲ್ಲಿ ಆ ಸಾಲಿನ ಎದುರು ಇಪ್ಪತ್ತೆರಡು ಆಂಪ್ಸ್ ಎಂದಿತ್ತು.

"ಗುಣಿಸು ರುಮಾನಾ."

"ಇನ್ನೂರ ಅರವತ್ನಾಲ್ಕು ವಾಟ್."

"ನಿನ್ ಕಾರ್ಡು ಎಷ್ಟು ತಿನ್ನತ್ತೆ?"

"ಇನ್ನೂರು. ಪ್ರೊಸೆಸರ್ ನೂರಿಪ್ಪತ್ತು."

"ಮುನ್ನೂರಿಪ್ಪತ್ತು ಜನಾನ ಕರ್ದು ಇನ್ನೂರ ಅರವತ್ನಾಲ್ಕು ಎಲೆ ಹಾಕಿದ್ದೀರಲ್ಲ, ಅಶ್ವತ್ಥ್. ಆರುನೂರು ಎಲ್ಲಿದೆ?"

"ಅದು ಮಾಡೆಲ್ ನಂಬರ್ ಆಂಟಿ." ಅವರ ದನಿ ಸ್ವಲ್ಪ ಇಳಿಯಿತು. "ಎಲ್ರೂ ಇದನ್ನೇ ತಗೊಂಡ್ ಹೋಗ್ತಾರೆ. ಕೈಯಲ್ಲಿ ಹಿಡ್ದು ನೋಡಿ, ಏನ್ ತೂಕ ಇದೆ."

ಪ್ರಿಂಟರಿನ ಇಂಕಿಗೆ ಕಾದು ನಿಂತಿದ್ದ ಲಕ್ಕಣ್ಣ ಎಂಬ ಹಿರಿಯರು ಕೈಯಲ್ಲಿ ಎತ್ತಿ ನೋಡಿದರು. "ಭಾರ ಐತೆ ಕಣಮ್ಮ. ಇಂಗೆ ಲೆಕ್ಕ ಆಕ್ತಾ ನಿಂತ್ರೆ ಸಂಜೆ ಆಯ್ತದೆ."

"ಭಾರ ಇರತ್ತೆ ಯಜಮಾನ್ರೇ," ಎಂದೆ. "ನಮ್ ಶೆಡ್ಡಲ್ಲಿ ಮೂರು ಕೆವಿಎ ಸ್ಟೆಬಿಲೈಸರಿಗೆ ಐದು ಕೆವಿಎ ಸ್ಟಿಕ್ಕರ್ ಅಂಟಿಸಿದ್ದು ನಾನೇ. ತೂಕ ಬರ್ಲಿ ಅಂತ ಒಳಗೆ ಕಬ್ಬಿಣದ ಪಟ್ಟಿ ಇಟ್ಟಿದ್ದೂ ನಾನೇ. ಫ್ರಿಡ್ಜ್ ಸುಟ್ಕೊಂಡು ಬಂದವ್ರಿಗೆ, ನಿಮ್ ಮನೆ ಲೈನೇ ಸರಿ ಇಲ್ಲ ಅಂತ ಓನರ್ ಹೇಳೋರು. ನಾನು ತಲೆ ಎತ್ತದೆ ತಂತಿ ಸುತ್ತಾ ಕೂತಿರ್ತಿದ್ದೆ."

ರುಮಾನಾ ನನ್ನ ಮುಖ ನೋಡಿದಳು. ಇದನ್ನು ನಾನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಅಶ್ವತ್ಥ್ ಕೆಳಗಿನ ಖಾನೆಯಿಂದ ಇನ್ನೊಂದನ್ನು ತೆಗೆದರು. ಅದರ ಮೇಲೆ 650 ಎಂದಿತ್ತು. ಹನ್ನೆರಡು ವೋಲ್ಟಿನ ಎದುರು ಐವತ್ನಾಲ್ಕು ಆಂಪ್ಸ್. ಈ ಸಲ ಗುಣಿಸು ಎಂದು ನಾನು ಹೇಳಬೇಕಾಗಲಿಲ್ಲ. ರುಮಾನಾ ಆಗಲೇ ಬಾಯಲ್ಲೇ ಲೆಕ್ಕ ಹಾಕಿ, ಬೇಕಾದಷ್ಟಾಯಿತು ಎಂಬಂತೆ ತಲೆಯಾಡಿಸಿದಳು.

"ಇದಕ್ಕೆ ರೇಟ್ ಜಾಸ್ತಿ, ನಿಮಗೆ ದಂಡ ಆಂಟಿ. ಇದೇ ಬೇಕು ಅಂದ್ರೆ ತಗೊಳ್ಳಿ. ಆದ್ರೆ ಫಿಟ್ಟಿಂಗ್ ನಾನ್ ಮಾಡ್ಕೊಡಲ್ಲ. ನಾಳೆ ಏನಾದ್ರೂ ಆದ್ರೆ ನನ್ ತಲೆಗೆ ಬರತ್ತೆ." ಬಿಲ್ಲಿನ ಕೆಳಗೆ, ಗ್ರಾಹಕರೇ ಆರಿಸಿದ್ದು, ಹಾನಿಯಾದರೆ ಅಂಗಡಿ ಹೊಣೆಯಲ್ಲ ಎಂದು ಬರೆದು ನನ್ನ ಕಡೆ ತಳ್ಳಿದರು. "ಸೈನ್ ಮಾಡಿ."

ನನ್ನನ್ನು ಹೆದರಿಸಲು ಬರೆದದ್ದು ಅದು. ನಾನು ಜಾಹಿದಾ ಎಂದು ಬಿಡಿಸಿ ಬಿಡಿಸಿ ಬರೆದೆ.

"ಈಗ ಆ ಆರುನೂರಕ್ಕೂ ಒಂದು ಬರೀರಿ," ಎಂದೆ. "ಅಂಗಡಿಯವರೇ ಆರಿಸಿದ್ದು, ಸುಟ್ಟು ಡಿಸ್ಕ್ ಹೋದ್ರೆ ಅಂಗಡಿಯವರದೇ ಹೊಣೆ ಅಂತ. ನಿಮ್ ಸೈನ್ ಹಾಕಿ. ಇದನ್ನ ಇಲ್ಲೇ ಬಿಟ್ಟು ಅದನ್ನೇ ತಗೊಂಡ್ ಹೋಗ್ತೀವಿ."

"ಅಮ್ಮಿ," ಎಂದು ರುಮಾನಾ ನನ್ನ ದುಪಟ್ಟಾ ಎಳೆದಳು. ನಾನು ಕದಲಲಿಲ್ಲ.

ಅಶ್ವತ್ಥ್ ಬಿಲ್ ಬುಕ್ಕಿನಲ್ಲಿ ಹೊಸ ಹಾಳೆ ತಿರುವಿದರು. ಪೆನ್ನಿನ ಕ್ಯಾಪು ತೆಗೆದು "ಅಂಗಡಿಯವರೇ" ಎಂದು ಬರೆದರು. ಅಲ್ಲಿಗೆ ಕೈ ನಿಂತಿತು.

"ಬರಿಯಪ್ಪ," ಎಂದರು ಲಕ್ಕಣ್ಣ. ಅವರಿಗೆ ಈಗ ಇಂಕಿನ ಅವಸರವಿರಲಿಲ್ಲ. "ಕಣ್ಮುಚ್ಕೊಂಡ್ ತಗೊಂಡೋಗಿ ಅಂತ ನೀನೇ ಯೇಳ್ದಲ್ಲ. ಕಣ್ಮುಚ್ಕೊಂಡೇ ಬರಿ."

ಅಶ್ವತ್ಥ್ ಪೆನ್ನಿಗೆ ಕ್ಯಾಪು ಹಾಕಿದರು.

ಆಗ ರುಮಾನಾ 650ರ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. "ಅಣ್ಣ, ಒಂದು ಸ್ಕ್ರೂ ಡ್ರೈವರ್ ಕೊಡಿ. ಫಿಟ್ಟಿಂಗ್ ನಾನೇ ಮಾಡ್ಕೋತೀನಿ."

ಮನೆಗೆ ಬಂದು ಚಾಪೆಯ ಮೇಲೆ ಎಲ್ಲವನ್ನೂ ಹರಡಿದಳು. ಜೊತೆಗೆ ಕೊಟ್ಟಿದ್ದ ಪುಸ್ತಕ ಓದಿ ಓದಿ ಒಂದೊಂದೇ ವೈರು ಕೂರಿಸಿದಳು. ಬಲವಂತವಾಗಿ ಯಾವುದನ್ನೂ ಒತ್ತಬೇಡ, ಸರಿಯಾದ ಜಾಗವಾದರೆ ತಾನೇ ಕೂರುತ್ತದೆ ಎಂದಷ್ಟೇ ನಾನು ಹೇಳಿದೆ. ಬಟನ್ ಒತ್ತಿದರೆ ಏನೂ ಆಗಲಿಲ್ಲ. ಅವಳು ಮತ್ತೆ ಮತ್ತೆ ಒತ್ತಿದಳು. ನಾನು ಬಗ್ಗಿ ಹಿಂದುಗಡೆ ನೋಡಿದೆ, ಡಬ್ಬಿಯ ಸ್ವಿಚ್ಚೇ ಹಾಕಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾರನೇ ದಿನ ಬೆಳಿಗ್ಗೆ ಕಂಪ್ಯೂಟರಿಗೆ ಅತಿ ಭಾರದ ಕೆಲಸ ಕೊಟ್ಟಳು, ಒಂದು ಇಡೀ ಮದುವೆಯ ವಿಡಿಯೋ ಜೋಡಿಸಿ ಹೊರತೆಗೆಯುವುದು. ಮಧ್ಯಾಹ್ನದವರೆಗೆ ಓಡಿತು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹಿಂದಿನ ಜಾಲರಿಗೆ ಆಗಾಗ ಕೈ ಒಡ್ಡುತ್ತಿದ್ದೆ. ಬೆಚ್ಚಗಿನ ಗಾಳಿ ಬರುತ್ತಿತ್ತು. ಸುಟ್ಟ ವಾಸನೆ ಇರಲಿಲ್ಲ.

ಕೆಲಸ ಪೂರ್ತಿ ಮುಗಿದ ಮೇಲೆ ರುಮಾನಾ ಛತ್ರದವರಿಗೆ ಫೋನ್ ಮಾಡಿದಳು. "ಒಪ್ಕೊಂಡೆ ಸರ್. ವರ್ಷದ್ದು ಪೂರ್ತಿ ನಾನೇ ಮಾಡ್ತೀನಿ," ಎಂದಳು. ಫೋನ್ ಇಟ್ಟು ಇನ್ನೊಂದು ಮದುವೆ ತೆರೆದಳು.

"ಅಮ್ಮಿ, ಕುರ್ಚಿ ಆಚೆ ಹಾಕ್ಕೊಳ್ಳಿ. ಗಾಳಿಗೆ ಅಡ್ಡ ಕೂತಿದ್ದೀರ."