ಮುಂದಕ್ಕೆ ಹೋದ ಕೇಸು

ನಾನು ಟೈಲರ್. ‘ಶುಕ್ರವಾರ ಬನ್ನಿ’ ಎನ್ನುವಾಗಲೇ ಬಟ್ಟೆ ಸೋಮವಾರಕ್ಕೂ ಆಗುವುದಿಲ್ಲವೆಂದು ನನಗೆ ಗೊತ್ತಿರುತ್ತದೆ. ಹಾಗಾಗಿ ಬೇರೆಯವರು ಹೇಳುವ ತಾರೀಖನ್ನು ನಾನು ಸುಲಭಕ್ಕೆ ನಂಬುವವಳಲ್ಲ.

ನಮ್ಮನೆಯವರು ಕಾಲು ಮುರಿದುಕೊಂಡು ಮಲಗಿದ ಮೇಲೆ ಹೊಲಿಗೆ ಮಿಷನ್ನಿನ ಸಾಲದ ಕಂತು ನಿಂತುಹೋಗಿತ್ತು. ಗುರುವಾರ ಹಾಜರಾಗಬೇಕೆಂದು ಕೋರ್ಟಿನಿಂದ ಸಮನ್ಸ್ ಬಂತು. ತೀರ್ಪು ಸಾಲ ಕೊಟ್ಟ ಕಂಪನಿಯ ಕಡೆಗಾದರೆ ಮಿಷನ್ ಜಪ್ತಿ. ಆಮೇಲೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅಕ್ಕನ ಬಳೆ ಅಡವಿಟ್ಟು ದುಡ್ಡು ಹೊಂದಿಸಿದೆ.

ವಸೂಲಿಯವನು ಅಂಗಡಿಗೇ ಬಂದ. ಹೋದ ತಿಂಗಳು ಬಾಗಿಲಲ್ಲಿ ನಿಂತು ನನ್ನ ಮಾನ ಹರಾಜು ಹಾಕಿದವನು, ಈಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಬಡ್ಡಿ ಬಿಟ್ಟ. ಅಸಲು ಪೂರ್ತಿ ತೆಗೆದುಕೊಂಡು ರಸೀದಿ ಬರೆದುಕೊಟ್ಟ.

“ಕೇಸ್ ಮುಂದಕ್ಕೆ ಹೋಗಿದೆ ಅಕ್ಕ. ಗುರುವಾರ ನೀವು ಬರೋದೇ ಬೇಡ. ನಾವೇ ವಾಪಸ್ ತಗೋತೀವಿ.”

“ಮುಂದಕ್ಕೆ ಅಂದ್ರೆ ಯಾವತ್ತಿಗೆ?”

“ಫೋನ್ ಮಾಡಿ ಹೇಳ್ತೀನಿ. ನೀವು ಆರಾಮಾಗಿ ಹೊಲೀತಾ ಇರಿ.”

ಹಾಗೆಂದು ನಕ್ಕ. ಆ ನಗು ನನಗೆ ಚೆನ್ನಾಗಿ ಗೊತ್ತು. ‘ಗುಂಡಿ ಹಾಕೋದೊಂದೇ ಬಾಕಿ’ ಎಂದು ಗಿರಾಕಿಗೆ ಹೇಳುವಾಗ ನಾನೂ ಹಾಗೆಯೇ ನಗುತ್ತೇನೆ. ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ.

“ನಿಂಗೆ ನಿನ್ನ ನೆರಳಿನ ಮೇಲೂ ಅನುಮಾನ,” ಎಂದರು ನಮ್ಮನೆಯವರು. “ರಸೀದಿ ಕೊಟ್ಟಿದಾನಲ್ಲ?”

“ಕೊಟ್ಟಿದಾನೆ. ಅದನ್ನ ಜಡ್ಜ್‌ಗೂ ಒಂದ್ಸಲ ತೋರಿಸಿ ಬರ್ತೀನಿ.”

ಗುರುವಾರ ಅಂಗಡಿ ಮುಚ್ಚಿ ಹೋಗಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತೆ. ಕೇಸು ಎಲ್ಲಿಗೂ ಹೋಗಿರಲಿಲ್ಲ. ನನ್ನ ಹೆಸರು ಕೂಗಿದರು. ಎದ್ದೇಳುವಷ್ಟರಲ್ಲಿ ಕಂಪನಿಯ ವಕೀಲರು, “ಪ್ರತಿವಾದಿ ಬಂದಿಲ್ಲ ಸ್ವಾಮಿ. ಬಾಕಿ ಪೂರ್ತಿ ಹಾಗೇ ಇದೆ. ತೀರ್ಪು ಕೊಡಬೇಕು,” ಎಂದರು.

“ಬಂದಿದೀನಿ,” ಎಂದೆ. ಮುಂದೆ ಹೋಗಿ ರಸೀದಿ ಕೊಟ್ಟೆ.

ನ್ಯಾಯಾಧೀಶರು ರಸೀದಿ ಓದಿ ವಕೀಲರ ಮುಖ ನೋಡಿದರು. ವಕೀಲರು ಫೈಲಿನಲ್ಲಿ ತಲೆ ಹುದುಗಿಸಿ, “ನಮಗೆ ಮಾಹಿತಿ ಬಂದಿರಲಿಲ್ಲ,” ಎಂದರು. ಸಾಲ ತೀರಿದೆಯೆಂದು ಬರೆಸಿ ನ್ಯಾಯಾಧೀಶರು ಕೇಸು ಮುಗಿಸಿದರು.

ಮಿಷನ್ ಉಳಿಯಿತು. ರಸೀದಿ ಮಡಚಿಟ್ಟುಕೊಳ್ಳುತ್ತಾ ಬೆಂಚಿನಲ್ಲಿ ಕೂತೆ. ಮುಂದಿನ ಕೇಸೂ ಅದೇ ಕಂಪನಿಯದು. ಯಾರೋ ಗಂಡಸಿನ ಹೆಸರನ್ನು ಬಾಗಿಲಾಚೆಗೂ ಹೋಗಿ ಕೂಗಿದರು. ಯಾರೂ ಬರಲಿಲ್ಲ. ವಕೀಲರು ನನ್ನ ಕೇಸಿನಲ್ಲಿ ಹೇಳಿದ್ದ ಮಾತನ್ನೇ ಅಕ್ಷರ ಬಿಡದೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. “ಅವರೂ ಕಟ್ಟಿರಬಹುದು ಸ್ವಾಮಿ.”

“ಅವರು ನಿಮಗೆ ಏನಾಗಬೇಕು?” ನ್ಯಾಯಾಧೀಶರು ಕೇಳಿದರು.

“ಏನೂ ಆಗಬೇಕಾಗಿಲ್ಲ.”

“ರಸೀದಿ ಇದೆಯಾ?”

“ಇಲ್ಲ.”

“ಹಾಗಾದ್ರೆ ಕೂತ್ಕೊಳ್ಳಿ.”

ಕೂತೆ. ತೀರ್ಪು ಬರೆದಾಯಿತು.